ತ್ರೀ-ಬಿ ಕ್ಲಾಸಿನ ಓತಿಕ್ಯಾತ

"ನನಗೆ ಗೊತ್ತಿಲ್ಲ" ಎನ್ನುವ ಎರಡು ಪದಗಳನ್ನು ಕೆಲವರು ಎಷ್ಟು ಸಲೀಸಾಗಿ ಹೇಳಿಬಿಡುತ್ತಾರೆಂದು ನೋಡಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನ ಬಾಯಿಂದ ಅವು ಹೊರಡುವುದೇ ಇಲ್ಲ. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಏಳು ವರ್ಷ ಜೀವಶಾಸ್ತ್ರದ ಮೇಡಂ ಆಗಿದ್ದರ ಫಲವಿದು. ಅಲ್ಲಿ ಯಾವಳಾದರೂ ಹುಡುಗಿ ಎದ್ದು ನಿಂತು ನನಗೆ ಉತ್ತರ ತಿಳಿಯದ ಪ್ರಶ್ನೆ ಕೇಳಿದರೆ, "ಅದು ಮುಂದಿನ ವರ್ಷ ಬರತ್ತೆ, ಕೂತ್ಕೊ" ಎನ್ನುತ್ತಿದ್ದೆ. ಅವಳು ಕೂತುಕೊಳ್ಳುತ್ತಿದ್ದಳು. ಮುಂದಿನ ವರ್ಷ ಅವಳಿಗೆ ಬೇರೆ ಮೇಡಂ ಬರುತ್ತಿದ್ದರು. ಇಂಥ ಸುಭದ್ರ ವ್ಯವಸ್ಥೆಯನ್ನು ಬಿಟ್ಟು ಗಂಡನ ಹಿಂದೆ ಸಿಡ್ನಿಗೆ ಬಂದು, ಇಲ್ಲಿಯ ಡಿಪ್ಲೊಮಾವನ್ನು ಹೊಸದಾಗಿ ಓದಿ, ಕ್ವೇಕರ್ಸ್ ಹಿಲ್ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಮೂರನೇ ತರಗತಿಯ ಬಿ ಸೆಕ್ಷನ್ನಿಗೆ ಟೀಚರ್ ಆದೆ. ಇಲ್ಲಿಯ ಮಕ್ಕಳು ಕೂತ್ಕೊ ಎಂದರೆ ಕೂರುತ್ತವೆ, ಕೂತುಕೊಂಡೇ ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳುತ್ತವೆ.

ಟೀಚರ್ ಆದೆ ಎಂದೆನಲ್ಲ, ಪೂರ್ತಿ ಆಗಿರಲಿಲ್ಲ. ಟೆಂಪರರಿ. ವರ್ಷದ ಕೊನೆಗೆ ನಮ್ಮ ಶಾಲೆಯಲ್ಲಿ ಒಂದೇ ಒಂದು ಪರ್ಮನೆಂಟ್ ಕೆಲಸ ಖಾಲಿಯಾಗಲಿತ್ತು. ಟೆಂಪರರಿಗಳು ಇಬ್ಬರು: ಬಿ ಸೆಕ್ಷನ್ನಿನ ನಾನು, ಎ ಸೆಕ್ಷನ್ನಿನ ಟ್ರೇಸಿ. ಲೆಕ್ಕ ನನಗೆ ಆಗಲೇ ಅರ್ಥವಾಗಿತ್ತು. ಅದೇ ವರ್ಷದ ಮೊದಲಲ್ಲಿ ನನ್ನ ಯಜಮಾನರಾದ ಪ್ರಕಾಶರ ಕಂಪನಿ ಸಿಡ್ನಿಯ ಆಫೀಸು ಮುಚ್ಚಿ ಅವರನ್ನು ಮೆಲ್ಬರ್ನ್‌ಗೆ ಕಳಿಸಿತ್ತು. ನನಗೆ ಕೆಲಸ ಗಟ್ಟಿಯಾದರೆ ಅವರು ಇಲ್ಲೇ ಬೇರೇನಾದರೂ ಹುಡುಕಿಕೊಂಡು ವಾಪಸು ಬರುವುದು, ಆಗದಿದ್ದರೆ ನಾನೂ ಮಗಳು ಮೇಘಾಳೂ ಗಂಟುಮೂಟೆ ಕಟ್ಟಿ ಅಲ್ಲಿಗೆ ಹೋಗುವುದು ಎಂದು ತೀರ್ಮಾನವಾಗಿತ್ತು. ಐದನೇ ತರಗತಿಯ ಮೇಘಾ ಮಾತ್ರ, "ಐ ಆ್ಯಮ್ ನಾಟ್ ಗೋಯಿಂಗ್, ಅಮ್ಮಾ. ನಿಂಗೆ ಬೇಕಾದ್ರೆ ನೀನ್ ಹೋಗು" ಎಂದು ತನ್ನ ತೀರ್ಮಾನವನ್ನು ಪ್ರತ್ಯೇಕವಾಗಿ ಪ್ರಕಟಿಸಿದ್ದಳು. ಅಂದಿನಿಂದ ನನ್ನ ಕಾಲು ಒಂದು ಕಡೆ ನಿಂತಿದ್ದು ನೆನಪಿಲ್ಲ. ಕುಕ್ಕರ್ ಮೂರು ಸೀಟಿ ಹಾಕುವಷ್ಟರಲ್ಲಿ ಅಡುಗೆಮನೆಯಿಂದ ಬಾಗಿಲಿಗೆ ಏಳು ಸಲ ಹೋಗಿ ಬರುತ್ತಿದ್ದೆ. ಬಾಗಿಲಲ್ಲಿ ಏನೂ ಇರುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಸ್ಟಾಫ್ ಮೀಟಿಂಗಿನಲ್ಲಿ ಹೆಡ್‌ಮಿಸ್ಟ್ರೆಸ್ ಜಾನೆಟ್ ಒಂದು ಯೋಜನೆ ಮುಂದಿಟ್ಟರು. ಅವರನ್ನು ಇಲ್ಲಿ ಎಲ್ಲರೂ, ಕಸ ಗುಡಿಸುವವರೂ, ಜಾನೆಟ್ ಎಂದೇ ಕರೆಯುತ್ತಾರೆ. ನನ್ನ ನಾಲಿಗೆಗೆ ಹೆಡ್‌ಮಿಸ್ಟ್ರೆಸ್ಸನ್ನು ಹೆಸರು ಹಿಡಿದು ಕರೆಯುವ ಧೈರ್ಯ ಬಂದಿರಲಿಲ್ಲ. ಮೇಡಂ ಎಂದರೆ ಅವರಿಗೆ ನಗು ಬರುತ್ತಿತ್ತು. ಹಾಗಾಗಿ ನಾನು ಅವರನ್ನು ಏನೆಂದೂ ಕರೆಯದೆ, ಎದುರಿಗೆ ಹೋಗಿ ಕೆಮ್ಮುವ ಪದ್ಧತಿ ಇಟ್ಟುಕೊಂಡಿದ್ದೆ. ನನಗೆ ಆಸ್ತಮಾ ಇದೆಯೆಂದು ಅವರು ಬಹಳ ದಿನ ನಂಬಿದ್ದರು. ಅವರ ಯೋಜನೆ ಇಷ್ಟು: ಮೂರನೇ ತರಗತಿಯ ಮಕ್ಕಳಿಗೆ ಜೀವಿಗಳ ಪಾಠವಿದೆ, ಪ್ರತಿ ಕ್ಲಾಸಿನಲ್ಲೂ ಒಂದು ಪ್ರಾಣಿ ಸಾಕಲಿ, ಸೆಪ್ಟೆಂಬರಿನ ಓಪನ್ ಡೇಗೆ ತಂದೆತಾಯಂದಿರು ಬಂದು ನೋಡಲಿ. ಟ್ರೇಸಿ ಗಿನಿ ಪಿಗ್ ತರುತ್ತೇನೆ ಎಂದಳು. ಜಾನೆಟ್ ನನ್ನ ಕಡೆ ತಿರುಗಿದರು. "ಸುಮಾ, ನೀವು ಪ್ರಾಣಿಶಾಸ್ತ್ರದಲ್ಲಿ ಮಾಸ್ಟರ್ಸ್ ಅಲ್ಲವೆ? ಒಂದು ಹಲ್ಲಿ ಜಾತಿಯದನ್ನು ಸಾಕಿದರೆ ಮಕ್ಕಳಿಗೆ ಖುಷಿಯಾಗುತ್ತದೆ. ನಿಮಗೆ ಅವುಗಳ ಜೊತೆ ಅನುಭವ ಇದೆಯೆ?"

"ಆಫ್ ಕೋರ್ಸ್" ಎಂದೆ.

ಇದು ಪೂರ್ತಿ ಸುಳ್ಳಲ್ಲ. ಮೈಸೂರಿನ ನಮ್ಮ ಮನೆಯ ಟ್ಯೂಬ್‌ಲೈಟಿನ ಹಿಂದೆ ಹಲ್ಲಿಗಳ ಒಂದು ಅವಿಭಕ್ತ ಕುಟುಂಬವೇ ಇತ್ತು. ನಾವು ಅವನ್ನು ಸಾಕಿದ್ದೆವೋ ಅವು ನಮ್ಮನ್ನು ಸಾಕಿದ್ದವೋ ಹೇಳುವುದು ಕಷ್ಟ. ಆದರೆ ಎಂ.ಎಸ್ಸಿ.ಯಲ್ಲಿ ನನಗೆ ಪರಿಚಯವಾದ ಪ್ರಾಣಿಗಳೆಲ್ಲ ಸತ್ತು, ಬಾಟಲಿಯೊಳಗೆ ಕೂತು, ಕುತ್ತಿಗೆಗೆ ಚೀಟಿ ಕಟ್ಟಿಕೊಂಡಂಥವು. ಸತ್ತ ಪ್ರಾಣಿಗಳ ಮುಂದೆ ನನ್ನ ಧೈರ್ಯ ಪ್ರಶ್ನಾತೀತ. ಫೋನಿನಲ್ಲಿ ಪ್ರಕಾಶರಿಗೆ ವಿಷಯ ತಿಳಿಸಿದಾಗ ಆ ಕಡೆ ಬಹಳ ಹೊತ್ತು ಬರೀ ನಗು ಕೇಳಿಸಿತು. ಅವರು ಹುಬ್ಬಳ್ಳಿಯವರು, ನಗುವುದನ್ನು ಅರ್ಧಕ್ಕೆ ಬಿಡುವ ಜನ ಅಲ್ಲ. "ಅಲ್ಲ, ನೀ ಖರೇನ ಹೇಳೀಯೇನು, ಹಲ್ಲಿ ಸಾಕೇನಿ ಅಂತ? ಬಚ್ಚಲದಾಗ ಹಲ್ಲಿ ಕಂಡ್ರ ನನ್ನ ಹೆಸರು ಹಿಡಿದು ಚೀರಾಕಿ ನೀ!" ಎಂದರು. ಅದು ನಿಜ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಗಂಡನನ್ನು ನಾನು ಹೆಸರು ಹಿಡಿದು ಕೂಗಿದ್ದೆಲ್ಲ ಹಲ್ಲಿಯ ದೆಸೆಯಿಂದಲೇ.

ಹಲ್ಲಿ ಸಾಕುವುದಕ್ಕೆ ಈ ದೇಶದಲ್ಲಿ ಲೈಸೆನ್ಸ್ ಬೇಕು ಎಂದು ಗೊತ್ತಾದದ್ದು ಆಮೇಲೆ. ಕಾಡಿನಿಂದ ಹಿಡಿದು ತರುವಂತಿಲ್ಲ. ನಮ್ಮ ಸಿಡ್ನಿಯ ಕಡೆ ಅಂಗಡಿಯಲ್ಲೂ ಮಾರುವುದಿಲ್ಲ. ಲೈಸೆನ್ಸ್ ಇದ್ದವರು ಲೈಸೆನ್ಸ್ ಇದ್ದವರಿಗೆ ಕೊಡಬೇಕು, ಅಷ್ಟೆ. ಫೋನ್ ಕಾರ್ಡ್ ಗೀಚಿ ಮೈಸೂರಿಗೆ ಫೋನ್ ಮಾಡಿದಾಗ ಅಮ್ಮ, "ಹಲ್ಲಿಗೂ ಲೈಸೆನ್ಸೇನೆ? ಹಾಗಾದ್ರೆ ನಮ್ಮನೇಲಿರೋದೆಲ್ಲ ಕಳ್ಳಮಾಲೇ ಅನ್ನು" ಎಂದು ಗಾಬರಿಯಾದಳು. ಅರ್ಜಿಯಲ್ಲಿ "ಹಿಂದಿನ ಅನುಭವ" ಎಂಬ ಕಡೆ ಎರಡು ಸಾಲಿನ ಜಾಗವಿತ್ತು. ನಾನು ಹೆಚ್ಚುವರಿ ಹಾಳೆ ಲಗತ್ತಿಸಿದೆ.

ಜುಲೈ ರಜೆಯಲ್ಲಿ ಮೆಲ್ಬರ್ನ್‌ಗೆ ಹೋದೆವು. ಪ್ರಕಾಶರ ರೂಮಿನಲ್ಲಿದ್ದದ್ದು ಇಷ್ಟೇ: ಒಂದು ಮಂಚ, ಒಂದು ತಟ್ಟೆ, ಒಂದು ಬಾಣಲೆ. ಆ ಬಾಣಲೆಯಲ್ಲೇ ಒಗ್ಗರಣೆ, ಅದರಲ್ಲೇ ಅನ್ನ, ಅದರಲ್ಲೇ ಚಹಾ. ಮನುಷ್ಯ ಸೊರಗಿ ಹೋಗಿದ್ದರು, ಪ್ಯಾಂಟಿಗೆ ಹೊಸ ತೂತು ಹಾಕಿದ ಬೆಲ್ಟು. ಮೇಘಾ ರೂಮಿನ ನಾಲ್ಕು ಮೂಲೆಯನ್ನೂ ನೋಡಿ, "ಅಪ್ಪಾ, ವೇರ್ ವುಡ್ ಐ ಸ್ಲೀಪ್?" ಎಂದು ಮೆಲ್ಲಗೆ ಕೇಳಿದಳು. ಪ್ರಕಾಶ ನಗುನಗುತ್ತ ಬೇರೆ ಮಾತೆತ್ತಿದರು. ಈ ಕೆಲಸ ನನಗೆ ಸಿಗಲೇಬೇಕು ಎಂದು ಅಲ್ಲೇ ಹಲ್ಲು ಕಚ್ಚಿಕೊಂಡೆ. ಮರುದಿನ ಪೇಟೆಯಲ್ಲಿ ಸುತ್ತುವಾಗ ಒಂದು ಅಂಗಡಿಯ ಗಾಜಿನ ಹಿಂದೆ ಸಾಲಾಗಿ ಹಲ್ಲಿಗಳು! ಇಲ್ಲಿ ಅಂಗಡಿಯಲ್ಲೇ ಸಿಗುತ್ತವಲ್ಲ, ಒಂದನ್ನು ಟವೆಲಿನಲ್ಲಿ ಸುತ್ತಿ ಒಯ್ದರಾಯಿತು ಎಂದು ಒಳಗೆ ನುಗ್ಗಿದೆ. ಕೌಂಟರಿನ ಹುಡುಗಿ, ರಾಜ್ಯದ ಗಡಿ ದಾಟಿಸಲು ಅದಕ್ಕೆ ಬೇರೆ ಪರವಾನಗಿ ಆಗಬೇಕು ಎಂದಳು. ದೇಶ ಒಂದೇ ಅಲ್ಲವೇನಮ್ಮ ಎಂದು ವಾದಕ್ಕಿಳಿದೆ. ಪ್ರಕಾಶ ನನ್ನ ತೋಳು ಹಿಡಿದು ಹೊರಗೆ ಎಳೆದರು. "ಗೋವಾದಿಂದ ಬರೂ ಮುಂದ ಚೆಕ್‌ಪೋಸ್ಟ್‌ನಾಗ ಚೀಲ ಬಿಚ್ಚಿಸ್ತಾರಲ್ಲ, ಹಂಗ ತಿಳ್ಕೊ" ಎಂದರು. ಹುಬ್ಬಳ್ಳಿಯವರಿಗೆ ಎಲ್ಲ ಗಡಿಯೂ ಗೋವಾದ ಗಡಿಯೇ.

ಆಗಸ್ಟಿನಲ್ಲಿ ಲೈಸೆನ್ಸ್ ಬಂತು. ಮಾರ್ಸ್ಡನ್ ಪಾರ್ಕಿನಲ್ಲಿ ರಾನ್ ಎಂಬ ಮುದುಕರೊಬ್ಬರು ಹಲ್ಲಿಗಳನ್ನು ಮರಿ ಮಾಡಿಸುತ್ತಾರೆಂದು ತಿಳಿದು ಒಂದು ಶನಿವಾರ ಮೇಘಾಳನ್ನು ಕರೆದುಕೊಂಡು ಹೊರಟೆ. ಅಲ್ಲಿ ಬರೀ ಹುಲ್ಲು, ತಂತಿಬೇಲಿ, ಬೇಲಿಯಾಚೆ ಕುದುರೆ. ರಾನ್ ಮಾತು ಕಡಿಮೆ. ತಗಡಿನ ಶೆಡ್ಡಿನೊಳಗೆ ಮೂರು ಪೆಟ್ಟಿಗೆ ತೋರಿಸಿ ಆರಿಸಿಕೋ ಎಂಬಂತೆ ಗೋಡೆಗೊರಗಿ ನಿಂತರು. ಮೊದಲನೆಯದು ಗೆಕೋ, ಅಂದರೆ ಸಾಕ್ಷಾತ್ ನಮ್ಮ ಗೋಡೆಯ ಹಲ್ಲಿ. ನೋಡಿದ ಕೂಡಲೇ ಬೇಡವೆಂದೆ. ಭಯ ಒಂದು ಕಾರಣ. ಇನ್ನೊಂದು, ಹಲ್ಲಿ ಮೈಮೇಲೆ ಬಿದ್ದರೆ ಫಲವೇನೆಂದು ಪಂಚಾಂಗದಲ್ಲಿ ಒಂದು ಪಟ್ಟಿಯೇ ಇದೆ. ತಲೆಯ ಮೇಲಾದರೆ ಒಂದು, ಭುಜದ ಮೇಲಾದರೆ ಒಂದು, ಗಂಡಸರಿಗೆ ಬಲಗಡೆ, ಹೆಂಗಸರಿಗೆ ಎಡಗಡೆ. ಇಪ್ಪತ್ತೆಂಟು ಮಕ್ಕಳ ಕ್ಲಾಸಿನಲ್ಲಿ ದಿನಾ ಯಾರ ಮೇಲೆ ಎಲ್ಲಿ ಬಿತ್ತೆಂದು ಪಂಚಾಂಗ ಬಿಚ್ಚಿಕೊಂಡು ಕೂತರೆ ಗಣಿತ ಹೇಳಿಕೊಡುವವರು ಯಾರು? ಎರಡನೆಯದು ಬ್ಲೂ-ಟಂಗ್, ನಮ್ಮ ಹಾವುರಾಣಿಯ ದಪ್ಪನೆಯ ದಾಯಾದಿ. ಪಾಪ, ಸಾಧು ಪ್ರಾಣಿ. ಆದರೆ ನನ್ನನ್ನು ಕಂಡ ಕೂಡಲೇ ಇಷ್ಟುದ್ದ ನೀಲಿ ನಾಲಿಗೆ ಚಾಚಿತು. ನಾಲಿಗೆ ಚಾಚಬಾರದು ಎಂದು ಮಕ್ಕಳಿಗೆ ಮೂರು ತಿಂಗಳಿಂದ ಹೇಳುತ್ತ ಬಂದಿದ್ದೇನೆ, ಶಿಸ್ತಿನ ಗತಿಯೇನು?

ಮೂರನೆಯದು ಬಿಯರ್ಡೆಡ್ ಡ್ರ್ಯಾಗನ್. ಹೆಸರಿಗೆ ಹೆದರಬೇಡಿ, ಅದು ಬೇಲಿಯ ಮೇಲಿನ ನಮ್ಮ ಓತಿಕ್ಯಾತವೇ. ಸ್ವಲ್ಪ ಚೆನ್ನಾಗಿ ಊಟ ಮಾಡಿ ಬೆಳೆದದ್ದು, ಗಲ್ಲದ ಕೆಳಗೆ ಮುಳ್ಳುಮುಳ್ಳು ಗಡ್ಡ. ಅದು ಕೊಂಬೆಯ ಮೇಲೆ ಕೂತು ಒಂದು ಕಣ್ಣಲ್ಲಿ ನನ್ನನ್ನು ಅಳೆಯುತ್ತಿತ್ತು. ಆ ನೋಟ ನನ್ನ ಎಂಟನೇ ಕ್ಲಾಸಿನ ಗಣಿತದ ಮೇಷ್ಟರದು. ಉತ್ತರ ತಪ್ಪಾಗಿದೆ ಎಂದು ಗೊತ್ತಿದ್ದೂ ಸುಮ್ಮನೆ ನೋಡುತ್ತಿರುವ ನೋಟ. ಇದೇ ಇರಲಿ ಎಂದೆ. ರಾನ್ ಅದನ್ನೆತ್ತಿ ಮೇಘಾಳ ಕೈಗಿಟ್ಟರು, ಅದು ಅವಳ ಅಂಗಿಗೆ ಬ್ರೂಚ್ ಹಾಗೆ ಅಂಟಿ ಕೂತಿತು. "ಒಂದು ಕಡೆ ಬಿಸಿ ಇರಲಿ, ಒಂದು ಕಡೆ ತಂಪು. ಅಡಗಿ ಕೂರಲು ಒಂದು ಮರೆ. ಜಾಸ್ತಿ ಏನೂ ಬೇಡ" ಎಂದರು ರಾನ್. "ಗೊತ್ತು ಗೊತ್ತು" ಎಂದೆ.

ಜಾಸ್ತಿ ಏನೂ ಬೇಡ ಎಂಬ ಮಾತು ಮೈಸೂರಿನ ಹೆಣ್ಣುಮಕ್ಕಳಿಗೆ ಹೇಳುವಂಥದಲ್ಲ. ದಸರೆಯಲ್ಲಿ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದರು. ಮೆಟ್ಟಿಲ ಮೇಲಿನ ಪಟ್ಟದ ಗೊಂಬೆ, ದೇವರ ಗೊಂಬೆಗಳೆಲ್ಲ ಅಮ್ಮನ ಇಲಾಖೆ. ಕೆಳಗೆ ನೆಲದ ಮೇಲೆ ಮಾಡುವ ಪಾರ್ಕು ಎಂಟನೇ ವಯಸ್ಸಿನಿಂದ ನನ್ನ ಇಲಾಖೆ. ತಟ್ಟೆಯಲ್ಲಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸಿರು ಹುಲ್ಲು. ಮರಳಿನ ರಸ್ತೆ, ಕಲ್ಲಿನ ಬೆಟ್ಟ, ಅಪ್ಪ ಮುಖಕ್ಷೌರ ಮಾಡಿಕೊಳ್ಳುವ ಕನ್ನಡಿಯ ಅಂಚಿಗೆ ಮರಳು ಸುರಿದರೆ ಕೊಳ, ಕೊಳದಲ್ಲಿ ಎರಡು ಬಾತುಕೋಳಿ. ನಮ್ಮ ಬೀದಿಯ ಹೆಂಗಸರು ಆರತಿ ಮುಗಿಸಿ ಕೋಸಂಬರಿ ತಿನ್ನುತ್ತ, "ಪಾರ್ಕು ಸುಮಂದಾ? ಅದೇ ಅನ್ಕೊಂಡೆ" ಎನ್ನುತ್ತಿದ್ದರು. ಓತಿಕ್ಯಾತಕ್ಕೆಂದು ಕೊಂಡ ನಾಲ್ಕಡಿಯ ಗಾಜಿನ ಟ್ಯಾಂಕು ನನ್ನ ಕ್ಲಾಸಿಗೆ ಬಂದು ಕೂತಾಗ ಕೈ ತನ್ನಷ್ಟಕ್ಕೇ ಕೆಲಸ ಶುರು ಮಾಡಿತು. ಇಂಡಿಯನ್ ಅಂಗಡಿಯಿಂದ ರಾಗಿ ತಂದೆ, ಹುಲ್ಲು ಬಂತು. ಐಸ್‌ಕ್ರೀಮ್ ಕಡ್ಡಿಗಳ ಸೇತುವೆಯಾಯಿತು. ಕೊಳಕ್ಕೆ ಒಂದು ದುಂಡು ಕನ್ನಡಿ, ಅದರ ಮೇಲೆ ಎರಡು ಗೊಂಬೆ ಬಾತುಕೋಳಿ. ಕೊಳ ಇದ್ದಮೇಲೆ ಅದಕ್ಕೆ ನೀರು ಎಲ್ಲಿಂದ ಬರಬೇಕು? ಹಿಂದಿನ ಗಾಜಿಗೆ ಒಂದು ಉದ್ದನೆಯ ಕನ್ನಡಿ ಒರಗಿಸಿ ಜಲಪಾತ ಮಾಡಿದೆ. ಒಂದು ಕಡೆ ಬಿಸಿ ದೀಪ, ಒಂದು ಕಡೆ ತಂಪು, ಎರಡಕ್ಕೂ ಒಂದೊಂದು ಥರ್ಮಾಮೀಟರು. ಅಡಗಲು ಮರೆ ಮಾತ್ರ ಇಡಲಿಲ್ಲ. ತೋರಿಸುವುದಕ್ಕೆ ಅಲ್ಲವೇ ತಂದದ್ದು, ಮರೆಯಲ್ಲಿ ಕೂತರೆ ಓಪನ್ ಡೇ ದಿನ ಯಾರಿಗೆ ಏನು ಕಾಣುತ್ತದೆ? ಮಕ್ಕಳು ಕೈಯೆತ್ತಿ ಮತ ಹಾಕಿ ಅದಕ್ಕೆ ಸ್ಪೈಕಿ ಎಂದು ಹೆಸರಿಟ್ಟರು.

ಸ್ಪೈಕಿ ಪಾರ್ಕಿಗೆ ಇಳಿದು ಐದು ನಿಮಿಷವಾಗಿರಲಿಲ್ಲ, ಅದರ ಗಡ್ಡ ಕಾಡಿಗೆ ಬಳಿದಂತೆ ಕಪ್ಪಾಯಿತು. ಮೈ ಉಬ್ಬಿಸಿತು. ತಲೆಯನ್ನು ಮೇಲೆ ಕೆಳಗೆ ಜೋರಾಗಿ ಕುಣಿಸಿತು. ಆಮೇಲೆ ಜಲಪಾತದ ಮುಂದೆ ಅತ್ತಿಂದಿತ್ತ ಇತ್ತಿಂದತ್ತ ಓಡಾಡಲು ತೊಡಗಿತು. ಮಕ್ಕಳು, "ಮಿಸ್, ವೈ ಈಸ್ ಹಿ ಡೂಯಿಂಗ್ ದಟ್?" ಎಂದು ಮುಗಿಬಿದ್ದವು. ನನಗೆ ಗೊತ್ತಿರಲಿಲ್ಲ. "ಹೊಸ ಮನೆ ಸಿಕ್ಕಿದ ಸಂತೋಷಕ್ಕೆ ನೃತ್ಯ ಮಾಡುತ್ತಿದೆ" ಎಂದೆ. ಇಪ್ಪತ್ತೆಂಟು ಮಕ್ಕಳು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡವು. ಕೆಲವರು ಚಿತ್ರವನ್ನೂ ಬಿಡಿಸಿದರು.

ನೃತ್ಯ ನಿಲ್ಲಲಿಲ್ಲ, ಊಟ ಮಾತ್ರ ನಿಂತಿತು. ಅದರ ಆಹಾರ ಜೀವಂತ ಜೀರುಂಡೆ. ಡಬ್ಬಿಯಲ್ಲಿ ಬರುತ್ತವೆ, ಮೊಟ್ಟೆ ಇಡುವ ರಟ್ಟಿನ ಸಂದಿಯಲ್ಲಿ ಕೂತು ಮೀಸೆ ಅಲ್ಲಾಡಿಸುತ್ತ. ಮನೆಗೆ ತಂದ ಮೊದಲ ಡಬ್ಬಿಯ ಮುಚ್ಚಳ ನಾನು ಸರಿಯಾಗಿ ಹಾಕಿರಲಿಲ್ಲ. ಅವು ಫ್ರಿಜ್ಜಿನ ಹಿಂದೆ ಸಂಸಾರ ಹೂಡಿ ಜಿರ್ರೆನ್ನಲು ಶುರು ಮಾಡಿದವು. ಸಂಜೆ ಫೋನ್ ಮಾಡಿದ ಪ್ರಕಾಶ, "ಏನದು ಸಪ್ಪಳ? ನನಗ ಹೇಳದ ಊರಿಗೆ ಹೋಗೀಯೇನು?" ಎಂದು ಕೇಳಿದರು. ಮನೆಯಲ್ಲಿ ಜೀರುಂಡೆ, ಶಾಲೆಯಲ್ಲಿ ಉಪವಾಸ ಕೂತ ಓತಿಕ್ಯಾತ. ನನಗೂ ಅನ್ನ ಸೇರದಾಯಿತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಹೋಗಿ ಥರ್ಮಾಮೀಟರು ನೋಡುವುದು, ಪಾಠದ ನಡುವೆ ಎದ್ದು ನೋಡುವುದು, ಮನೆಗೆ ಹೊರಟವಳು ಅರ್ಧ ದಾರಿಯಿಂದ ತಿರುಗಿ ಬಂದು ನೋಡುವುದು. ನಡುನಡುವೆ ಎ ಸೆಕ್ಷನ್ನಿನ ಬಾಗಿಲ ಮುಂದೆ ಏನೋ ಕೆಲಸವಿದ್ದವಳ ಹಾಗೆ ಹಾದುಹೋಗಿ, ಟ್ರೇಸಿಯ ಗಿನಿ ಪಿಗ್ ಸುತ್ತ ಎಷ್ಟು ಮಕ್ಕಳು ನೆರೆದಿದ್ದಾರೆಂದು ಎಣಿಸುತ್ತಿದ್ದೆ. ಆ ಪ್ರಾಣಿ ಸದಾ ಎಲೆಕೋಸು ಮೆಲ್ಲುತ್ತಿತ್ತು. ಇಷ್ಟು ನೆಮ್ಮದಿಯಾಗಿ ತಿನ್ನುವ ಪ್ರಾಣಿಯನ್ನು ನಾನು ನೋಡಿಲ್ಲ, ನೋಡಿ ಮೈಯೆಲ್ಲ ಉರಿಯುತ್ತಿತ್ತು.

ಟ್ರೇಸಿ ಒಂದೆರಡು ಸಲ ಟೀ ಕಪ್ಪು ಹಿಡಿದು ನನ್ನ ಬಾಗಿಲಿಗೆ ಬಂದಳು. ಒಮ್ಮೆ, "ಸುಮಾ, ನಿನ್ನ ಡ್ರ್ಯಾಗನ್ನಿನ ಗಡ್ಡ ಯಾವಾಗಲೂ ಕಪ್ಪಾಗೇ ಇರುತ್ತದಲ್ಲ. ಅದಕ್ಕೆ ಏನಾದರೂ..." ಎಂದು ಶುರು ಮಾಡಿದಳು. ನನಗೆ ಎಲ್ಲ ಅರ್ಥವಾಯಿತು. ನಾಳೆ ಇದು ಜಾನೆಟ್ ಕಿವಿಗೆ ಹೋಗುತ್ತದೆ. "ಅದು ವಯಸ್ಸಿಗೆ ಬಂದದ್ದರ ಲಕ್ಷಣ" ಎಂದು ಹೇಳಿ, ಫೋಟೋಕಾಪಿ ಮಾಡುವುದಿದೆ ಎಂದು ಎದ್ದು ನಡೆದೆ. ಫೋಟೋಕಾಪಿ ಮಾಡುವುದು ಏನೂ ಇರಲಿಲ್ಲ. ಮಷೀನಿನ ಮುಂದೆ ನಿಂತು ನನ್ನ ಅಂಗೈಯ ಎರಡು ಪ್ರತಿ ತೆಗೆದುಕೊಂಡು ಬಂದೆ.

ಓಪನ್ ಡೇಗೆ ಮುಂಚಿನ ಭಾನುವಾರ ಕಾಲು ನಿಲ್ಲದೆ ಮೇಘಾಳನ್ನೂ ಎಳೆದುಕೊಂಡು ಶಾಲೆಗೆ ಹೋದೆ. ಮೊದಲೇ ಹೇಳಿ ಬೀಗದ ಕೈ ಇಸಕೊಂಡಿದ್ದೆ. ಸ್ಪೈಕಿ ಒಂಟಿಯಾಗಿ, ನೋಡುವವರಿಲ್ಲದಿದ್ದರೂ, ಜಲಪಾತದ ಮುಂದೆ ತಲೆ ಕುಣಿಸುತ್ತಿತ್ತು. ಪಕ್ಕೆಲುಬು ಕಾಣುವಷ್ಟು ಬಡವಾಗಿತ್ತು. ಮುಚ್ಚಳ ಸರಿಸಿ ಅದರ ಬೆನ್ನು ಸವರಿದೆ. ಆ ಹೊತ್ತಿಗೆ ಹಲ್ಲಿಯ ಭಯ ಹೋಗಿ ಬಹಳ ದಿನವಾಗಿತ್ತು. ಮೇಘಾ ಗಾಜಿಗೆ ಮೂಗು ಒತ್ತಿ ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ಹಿ ಥಿಂಕ್ಸ್ ದೇರ್ಸ್ ಅನದರ್ ಗೈ" ಎಂದಳು. "ಯಾರು?" ಎಂದೆ. "ಮಿರರ್‌ನಲ್ಲಿ." "ಎಂ.ಎಸ್ಸಿ. ಮಾಡಿರೋದು ನಾನಾ ನೀನಾ?" ಎಂದು ಗದರಿದೆ. ಅವಳು ಭುಜ ಕುಣಿಸಿ ಕಪ್ಪು ಹಲಗೆಯ ಮೇಲೆ ಚಿತ್ರ ಬಿಡಿಸಲು ಹೋದಳು. ಕನ್ನಡಿ ತೆಗೆದುನೋಡಿದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ತೆಗೆದರೆ ಜಲಪಾತ ಹೋಗುತ್ತಿತ್ತು, ನೃತ್ಯದ ಕತೆಯೂ ಹೋಗುತ್ತಿತ್ತು. ಇಪ್ಪತ್ತೆಂಟು ಪುಸ್ತಕಗಳಲ್ಲಿ ಬರೆಸಿದ್ದನ್ನು ಒಂದೊಂದಾಗಿ ಹೊಡೆದುಹಾಕಿಸುವುದು ಹೇಗೆ?

ಓಪನ್ ಡೇ ದಿನ ಪಾರ್ಕು ಜಗಮಗಿಸುತ್ತಿತ್ತು. ನಮ್ಮ ಬೀದಿಯ ಹೆಂಗಸರು ಇದ್ದಿದ್ದರೆ ನೋಡಿದ ಕೂಡಲೇ ಯಾರದೆಂದು ಹೇಳಿಬಿಡುತ್ತಿದ್ದರು. ಅಪ್ಪ ಅಮ್ಮಂದಿರು ಡಿಜಿಟಲ್ ಕ್ಯಾಮೆರಾ ಹಿಡಿದು ಸಾಲಾಗಿ ನಿಂತಿದ್ದರು, ಎ ಸೆಕ್ಷನ್ನಿನ ಸಾಲಿಗಿಂತ ನಮ್ಮದು ಉದ್ದವಿತ್ತು. ಜಾನೆಟ್ ಬಂದು, "ಬ್ಯೂಟಿಫುಲ್!" ಎಂದರು. ನಾನು ನೃತ್ಯದ ವಿವರಣೆ ಶುರು ಮಾಡಿದೆ. ಮಾತಿನ ಭರದಲ್ಲಿ, ಈ ಪ್ರಾಣಿ ಅತಿಥಿಗಳನ್ನು ಹೀಗೆ ಸ್ವಾಗತಿಸುತ್ತದೆ ಎಂದೂ ಸೇರಿಸಿದೆ. ಸಾಲಿನ ಹಿಂದೆ ಯಾರೋ ಜಾಗ ಮಾಡಿಕೊಂಡು ಮುಂದೆ ಬಂದರು. ನೋಡಿದರೆ ರಾನ್. ಜಂಬ ಕೊಚ್ಚಿಕೊಳ್ಳಲು ನಾನೇ ಅವರಿಗೆ ಆಹ್ವಾನ ಕಳಿಸಿದ್ದು ಮರೆತೇಹೋಗಿತ್ತು.

ರಾನ್ ಟ್ಯಾಂಕಿನ ಮುಂದೆ ಬಗ್ಗಿ ನೋಡಿದರು. ಮುಚ್ಚಳ ತೆಗೆದರು. ಜಲಪಾತವನ್ನು ಎತ್ತಿ ನನ್ನ ಬಲಗೈಗೆ ಕೊಟ್ಟರು. ಕೊಳವನ್ನು ಎತ್ತಿ ಎಡಗೈಗೆ ಕೊಟ್ಟರು. ಬಾತುಕೋಳಿಗಳನ್ನು ಕಿಟಕಿಯ ಮೇಲಿಟ್ಟರು. ಹೊರಗೆ ಹೋಗಿ ಅಂಗಳದಿಂದ ಒಂದು ಬಾಗಿದ ಮರದ ತೊಗಟೆ ತಂದು, ರಾಗಿ ಹುಲ್ಲಿನ ಮೇಲೆ ಮಗುಚಿ ಹಾಕಿದರು. ಸ್ಪೈಕಿ ಒಂದು ಕ್ಷಣ ಹಿಂದಿನ ಗಾಜಿನ ಕಡೆ ನೋಡಿತು. ಅಲ್ಲಿ ಯಾರೂ ಇರಲಿಲ್ಲ. ನಿಧಾನವಾಗಿ ತೊಗಟೆಯ ಕೆಳಗೆ ನುಗ್ಗಿ ತಲೆಯನ್ನಷ್ಟೇ ಹೊರಗಿಟ್ಟುಕೊಂಡು ಮಲಗಿತು. ಇಡೀ ಕ್ಲಾಸು ನೋಡುತ್ತಿದ್ದ ಹಾಗೇ ಗಡ್ಡದ ಕಪ್ಪು ಇಳಿಯತೊಡಗಿತು. "ಇನ್ನೊಂದು ಗಂಡು ಬಂದಿದೆ ಅಂದುಕೊಂಡಿತ್ತು. ಒಂದು ತಿಂಗಳಿಂದ ಜಗಳ ಕಾಯುತ್ತಿದೆ ಪಾಪ" ಎಂದರು ರಾನ್. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಸೋ ನಾಟ್ ಡ್ಯಾನ್ಸಿಂಗ್, ಮಿಸ್?" ಎಂದು ಪೆನ್ಸಿಲ್ ಹಿಡಿದು ಸಿದ್ಧಳಾದಳು. ಎರಡು ಕೈಯಲ್ಲೂ ಕನ್ನಡಿ ಹಿಡಿದು ನಿಂತಿದ್ದ ನಾನು, "ಇಲ್ಲ. ನನಗೆ ಗೊತ್ತಿರಲಿಲ್ಲ" ಎಂದೆ. ಬಾಯಿ ತಾನಾಗೇ ಅಂದಿತು. ಜಾನೆಟ್, "ವೆಲ್, ವೆರಿ ಇಂಟರೆಸ್ಟಿಂಗ್" ಎಂದರು. ಈ ದೇಶದಲ್ಲಿ ಇಂಟರೆಸ್ಟಿಂಗ್ ಎಂದರೆ ಚೆನ್ನಾಗಿದೆ ಎಂದೋ ಕೆಟ್ಟುಹೋಯಿತು ಎಂದೋ ನನಗೆ ಇಂದಿಗೂ ತಿಳಿದಿಲ್ಲ.

ಮುಂದಿನ ಎರಡು ತಿಂಗಳು ಸ್ಪೈಕಿ ಗಡದ್ದಾಗಿ ಜೀರುಂಡೆ ತಿಂದು ದುಂಡಗಾಯಿತು. ನಾನು ಮಾತ್ರ ನೆಲಕ್ಕೆ ಕಾಲೂರಲಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದೆ, ಅದನ್ನು ಹನ್ನೊಂದು ಸಲ ತಿದ್ದಿದೆ. ಟ್ರೇಸಿ ಏನು ಬರೆದಿರಬಹುದು ಎಂದು ಊಹಿಸಿ, ಅದಕ್ಕೆ ಉತ್ತರವೆಂಬಂತೆ ಇನ್ನೆರಡು ಪ್ಯಾರಾ ಸೇರಿಸಿದೆ. ಸ್ಟಾಫ್ ರೂಮಿನಲ್ಲಿ ಅವಳು ನಕ್ಕರೆ ಯಾಕೆ ನಕ್ಕಳು ಎಂದು ಯೋಚಿಸಿದೆ, ನಗದಿದ್ದರೆ ಯಾಕೆ ನಗಲಿಲ್ಲ ಎಂದು. ಜಾನೆಟ್ ರೂಮಿನಿಂದ ಅವಳು ಕಣ್ಣೊರೆಸಿಕೊಂಡು ಹೊರಬಂದದ್ದನ್ನು ಒಂದು ದಿನ ನೋಡಿದೆ. ಹೇಳಲು ನಾಚಿಕೆಯಾಗುತ್ತದೆ, ಆ ದಿನ ಮನೆಗೆ ಬಂದು ಶ್ಯಾವಿಗೆ ಪಾಯಸ ಮಾಡಿದೆ.

ಇಂಟರ್‌ವ್ಯೂ ಆಗಿ ನಾಲ್ಕನೇ ದಿನ ಜಾನೆಟ್ ಕರೆದರು. ಕೆಲಸ ನನಗೇ. ನನ್ನ ಕಣ್ಣಲ್ಲಿ ನೀರು ಬಂತು. ಪ್ರಕಾಶರ ಒಂಟಿ ತಟ್ಟೆ, ಮೇಘಾಳ ಮುಖ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಸಾವರಿಸಿಕೊಂಡು, ಗೆದ್ದವರು ತೋರಿಸಬೇಕಾದ ದೊಡ್ಡತನದಿಂದ, "ಪಾಪ, ಟ್ರೇಸಿಗೆ ಬೇಜಾರಾಗಿರಬೇಕು" ಎಂದೆ. ಜಾನೆಟ್ ಅರ್ಥವಾಗದವರಂತೆ ನೋಡಿದರು. "ಟ್ರೇಸಿಗಾ? ಅವಳು ಅರ್ಜಿಯನ್ನೇ ಹಾಕಿಲ್ಲವಲ್ಲ. ಅವಳ ತಾಯಿಗೆ ಹುಷಾರಿಲ್ಲ, ವರ್ಷದ ಕೊನೆಗೆ ಮೆಲ್ಬರ್ನ್‌ಗೆ ಹೋಗಿ ಅವರ ಜೊತೆ ಇರುತ್ತಾಳೆ. ಫೆಬ್ರುವರಿಯಲ್ಲೇ ಎಲ್ಲರಿಗೂ ಹೇಳಿದ್ದಳು. ಬಂದದ್ದು ನಿಮ್ಮದೊಂದೇ ಅರ್ಜಿ."

ಫೆಬ್ರುವರಿ. ನೆನಪು ಮಾಡಿಕೊಂಡೆ. ಸ್ಟಾಫ್ ರೂಮಿನಲ್ಲಿ ಟ್ರೇಸಿ ನನ್ನ ಪಕ್ಕ ಕೂತು, "ನನ್ನ ಅಮ್ಮ ಮೆಲ್ಬರ್ನ್‌ನಲ್ಲಿ..." ಎಂದು ಏನೋ ಹೇಳತೊಡಗಿದ್ದಳು. ನಾನು ನಡುವೆ ಬಾಯಿ ಹಾಕಿ, ಮೆಲ್ಬರ್ನ್‌ನಲ್ಲಿ ನನ್ನ ಗಂಡನೂ ಇದ್ದಾರೆ ಎಂದು ಹೇಳಿ, ಅಲ್ಲಿಂದ ನನ್ನ ಎಂ.ಎಸ್ಸಿ.ಗೆ ಬಂದು, ಕಪ್ಪೆಯ ರಕ್ತಪರಿಚಲನೆಯವರೆಗೆ ಹೋಗಿದ್ದೆ. ಬೆಲ್ಲು ಹೊಡೆದಿತ್ತು.

ಶಾಲೆಯ ಕೊನೆಯ ದಿನ ಟ್ರೇಸಿ ತನ್ನ ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಒಂದು ಡಬ್ಬಿ ರವೆ ಉಂಡೆ ತೆಗೆದುಕೊಂಡು ಹೋದೆ. ಅವಳು ನನ್ನನ್ನು ತಬ್ಬಿಕೊಂಡಳು. "ನಿನ್ನ ಹತ್ತಿರ ಮಾತಾಡಬೇಕು ಅಂತ ಎಷ್ಟೋ ಸಲ ಬಂದೆ ಸುಮಾ. ಗಂಡ ದೂರ ಇದ್ದಾನೆ, ಒಬ್ಬಳೇ ಮಗಳನ್ನು ನೋಡಿಕೊಳ್ಳುತ್ತೀಯ, ನಿನಗೆ ಅರ್ಥವಾಗುತ್ತೆ ಅನ್ನಿಸಿತ್ತು. ಆದರೆ ನೀನು ಯಾವಾಗಲೂ ಎಲ್ಲಿಗೋ ಓಡುತ್ತಿದ್ದೆ. ನನ್ನನ್ನು ಕಂಡರೆ ನಿನಗೆ ಇಷ್ಟ ಇಲ್ಲವೇನೋ ಅಂದುಕೊಂಡೆ" ಎಂದಳು. "ಅಯ್ಯೋ, ಹಾಗೇನಿಲ್ಲ, ಕೆಲಸ ಜಾಸ್ತಿ ಇತ್ತು" ಎಂದೆ. ಅದಕ್ಕಿಂತ ಹಸಿ ಸುಳ್ಳನ್ನು ನಾನು ಜೀವನದಲ್ಲಿ ಹೇಳಿಲ್ಲ. ಅವಳ ಕಾರು ಗೇಟು ದಾಟಿ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಹತ್ತು ತಿಂಗಳು ಪಕ್ಕದ ರೂಮಿನಲ್ಲಿದ್ದವಳ ತಾಯಿಯ ಹೆಸರೂ ನನಗೆ ಗೊತ್ತಿರಲಿಲ್ಲ.

ಮಾರ್ಚಿನ ಹೊತ್ತಿಗೆ ಪ್ರಕಾಶ ಇಲ್ಲೇ ಕೆಲಸ ಸಿಕ್ಕಿ ವಾಪಸು ಬಂದರು. ಮೇಘಾ ತನ್ನ ರೂಮಿನಲ್ಲೇ ಇದ್ದಾಳೆ. ನಾನು ಬಹಳ ಬದಲಾಗಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿರುತ್ತೇನೆ. ಎ ಸೆಕ್ಷನ್ನಿಗೆ ಈ ವರ್ಷ ಹೊಸ ಟೀಚರ್ ಬಂದಿದ್ದಾಳೆ, ಇನ್ನೂ ಸಣ್ಣ ವಯಸ್ಸು, ಟೆಂಪರರಿ, ತುಂಬಾ ಒಳ್ಳೆಯ ಹುಡುಗಿ. ಮೊದಲ ದಿನವೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊರು ಯಾವುದು, ಅಪ್ಪ ಅಮ್ಮ ಹೇಗಿದ್ದಾರೆ ಎಂದೆಲ್ಲ ಕೇಳಿ, ಅವಳು ಹೇಳಿದ್ದನ್ನು ಕೊನೆಯವರೆಗೂ ಕೇಳಿಸಿಕೊಂಡೆ. ತನ್ನ ಕ್ಲಾಸಿನಲ್ಲಿ ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡಿಸುತ್ತಾಳಂತೆ. ಮಕ್ಕಳೆಲ್ಲ ಈಗಲೇ ಅವಳ ಬಾಗಿಲಲ್ಲಿ ಜಮಾಯಿಸಿದ್ದಾರೆ. ಜಾನೆಟ್ ಕೂಡ ದಿನಕ್ಕೆರಡು ಸಲ ಹೋಗಿ ಬರುತ್ತಾರೆ. ನನಗೇನು, ನಾನು ಪರ್ಮನೆಂಟು. ಮೊನ್ನೆ ಸುಮ್ಮನೆ ಮಾರ್ಸ್ಡನ್ ಪಾರ್ಕ್ ಕಡೆ ಹೋಗಿದ್ದಾಗ, ಆಮೆ ಸಾಕಬೇಕಾದರೆ ಯಾವ ಲೈಸೆನ್ಸ್ ಬೇಕು ಎಂದು ರಾನ್ ಅವರನ್ನು ವಿಚಾರಿಸಿಕೊಂಡು ಬಂದೆ, ಅಷ್ಟೆ.